ಲಾರಿಯ ಮುಖ, ಲಾರಿಯ ಬೆನ್ನು

ನನಗೆ ಮನುಷ್ಯರ ಮುಖ ನೆನಪಿನಲ್ಲಿ ನಿಲ್ಲುವುದಿಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ನಾಳೆ ನೀವು ದಾಂಡೇಲಿಯ ಸಂತೆಯಲ್ಲಿ ಎದುರಾಗಿ ಗುರುತು ಸಿಕ್ಕಿತೇ ಎಂದು ಕೇಳಿದಾಗ ನಾನು ಹಲ್ಲು ಕಿರಿದು, "ಅಯ್ಯ, ನಿಮ್ಮನ್ನ ಮರೀತೇನಿ ಏನ್ರಿ?" ಎಂದರೆ ಅದು ಶುದ್ಧ ಸುಳ್ಳು ಎಂದೇ ತಿಳಿಯಿರಿ. ಲಾರಿಯ ವಿಷಯ ಹಾಗಲ್ಲ. ಒಂದು ಲಾರಿಯ ಮುಖವನ್ನು ಒಮ್ಮೆ ನೋಡಿದೆನೆಂದರೆ, ಅದು ಮುದಿಯಾಗಿ, ತುಕ್ಕು ಹಿಡಿದು, ಬಳ್ಳಿ ಹಬ್ಬಿಸಿಕೊಂಡು ಯಾವುದೋ ಹಿತ್ತಿಲಲ್ಲಿ ಮಲಗಿದ್ದರೂ ಹೆಸರು ಹಿಡಿದು ಕರೆಯಬಲ್ಲೆ.

ಈಚೆಗೆ ಹೆಂಡತಿಯ ಕಡೆಯ ಒಂದು ಮದುವೆಯಲ್ಲಿ ಯಾರೋ ಬಂದು ನನ್ನ ಕೈ ಹಿಡಿದುಕೊಂಡು ಮನೆಮಂದಿಯನ್ನೆಲ್ಲ ವಿಚಾರಿಸಿದರು. ನಾನೂ ಅವರ ಮನೆಮಂದಿಯನ್ನು ವಿಚಾರಿಸಿದೆ. ಯಾರ ಮನೆಮಂದಿ ಎಂಬುದೊಂದು ಮಾತ್ರ ಗೊತ್ತಿರಲಿಲ್ಲ. ಕಡೆಗೆ ಅವರೇ ಕನಿಕರಪಟ್ಟು, "ನಮ್ಮ ಅಪ್ಪಂದು ಹಸರು ಲಾರಿ ಇತ್ತಲ್ರಿ, ಒಂದ ದೀಪ ಒಳಗ ಹೋಗಿತ್ತು" ಎಂದರು. ಆಗ ನೋಡಿ! ಅವರ ಮೂರು ತಲೆಮಾರು ಸರಸರನೆ ನನ್ನ ಕಣ್ಣೆದುರು ಬಂದು ನಿಂತಿತು. ಆ ಮನುಷ್ಯ ಹೋದ ಮೇಲೆ, ಪಕ್ಕದಲ್ಲಿದ್ದ ಹೆಂಡತಿ ಸುಮಿತ್ರಾ ಮೆಲ್ಲಗೆ, "ನಾನೂ ಹಣೀಗೆ ಎರಡು ದೀಪ ಹಚ್ಚಿಸಿಕೊಳ್ಳಲೇನು? ಮುಂದ ಒಂದಿನ ನನ್ನ ಗುರ್ತರೆ ಹಿಡೀತೀರಿ" ಎಂದಳು.

ತಪ್ಪು ನನ್ನದಲ್ಲ, ನೌಕರಿಯದು. ಧಾರವಾಡ ಸೀಮೆಯ ಎರೆಹೊಲ ಬಿಟ್ಟು ಬಂದು ಕಾಗದದ ಮಿಲ್ಲೊಂದರ ಕಾಟಾದಲ್ಲಿ ಸೇರಿದವನು, ನಿವೃತ್ತನಾಗುವವರೆಗೆ ಅಲ್ಲೇ ಕೂತೆ. ಕಾಟಾ ಎಂದರೆ ಲಾರಿಯನ್ನು ಸರಕಿನ ಸಮೇತ ತೂಗುವ ತಕ್ಕಡಿ. ಅದರ ಪಕ್ಕದಲ್ಲೊಂದು ಕೋಣೆ, ಕೋಣೆಗೊಂದು ಕಿಟಕಿ, ಕಿಟಕಿಯೊಳಗೆ ನಾನು. ಹೊರಗಿನಿಂದ ಒಂದೊಂದೇ ಲಾರಿ ಬಂದು ತಕ್ಕಡಿಯ ಮೇಲೆ ನಿಂತು ನನ್ನನ್ನು ದಿಟ್ಟಿಸಿ ನೋಡುತ್ತಿತ್ತು, ನಾನೂ ಅದನ್ನು ದಿಟ್ಟಿಸುತ್ತಿದ್ದೆ. ಮದುವೆಗೆ ಮೊದಲು ನಾನು ಸುಮಿತ್ರಾಳನ್ನು ಕೂಡ ಅಷ್ಟು ಹೊತ್ತು ನೋಡಿರಲಿಲ್ಲ. ಊರಿನಲ್ಲಿ ನನಗೆ 'ಕಾಟಾ ಕಲ್ಲಪ್ಪ' ಎಂಬ ಹೆಸರು ಬಿದ್ದು, ಅದೇ ಈಗ ಮನೆತನದ ಹೆಸರಿನಂತಾಗಿದೆ.

ಆಗಿನ ಲಾರಿಗಳಿಗೆ ಮೂಗು ಇತ್ತು. ಇಂಜಿನ್ನು ಮುಂದೆ ಚಾಚಿಕೊಂಡು, ಅದರ ಎರಡು ಬದಿಗೆ ಗಲ್ಲ ಉಬ್ಬಿ, ಗಲ್ಲದ ಮೇಲೆ ಕಣ್ಣಿನ ಹಾಗೆ ದೀಪಗಳು. ಕೆಲವು ಸಿಟ್ಟಿನ ಮುಖದವು, ಕೆಲವು ಈಗಷ್ಟೇ ಊಟ ಮುಗಿಸಿ ಎದ್ದ ಯಜಮಾನರಂಥವು. ಈಗಿನ ಲಾರಿಗಳನ್ನು ನೋಡಿ: ಮೂಗಿದ್ದ ಜಾಗದಲ್ಲಿ ಇಸ್ತ್ರಿ ಹೊಡೆದಂತೆ ಸಪಾಟು. ಅವು ಒಳ್ಳೆಯ ಲಾರಿಗಳೇ ಇರಬಹುದು. ಆದರೆ ಮೂಗಿಲ್ಲದವರ ಜೊತೆ ಮುಖಾಮುಖಿ ಮಾತಾಡುವುದಾದರೂ ಹೇಗೆ? ಯಾವ ಕಂಪನಿಯ ಮೂಗು ಚೆಂದ ಎಂದು ನಾನು ಇಲ್ಲಿ ಬರೆಯುವುದಿಲ್ಲ. ಬರೆದರೆ ನಮ್ಮ ಗುಂಪು ಎರಡಾಗುತ್ತದೆ.

ಹೌದು, ಗುಂಪು. ಹುಚ್ಚು ಒಬ್ಬನಿಗೇ ಇದ್ದರೆ ಅದಕ್ಕೆ ಮದ್ದು ಮಾಡುತ್ತಾರೆ. ನಾಲ್ಕು ಜನರಿಗಿದ್ದರೆ ವಾಟ್ಸಾಪ್ ಗುಂಪು ಮಾಡುತ್ತಾರೆ. ನಮ್ಮದಕ್ಕೆ 'ಹಳೇ ಗಾಡಿ ಗೆಳೆಯರು' ಎಂದು ಹೆಸರು. ದಾಂಡೇಲಿ, ಹಳಿಯಾಳ, ಜೋಯ್ಡಾ, ಮುಂಡಗೋಡದ ಮಂದಿ ಅದರಲ್ಲಿದ್ದಾರೆ. ನನ್ನ ಹತ್ತಿರದವರು ಇಬ್ಬರು. ಹಳಿಯಾಳದ ರಫೀಕ್ ಮೇಸ್ತ್ರಿ, ಗ್ಯಾರೇಜು ಮಗನಿಗೆ ಬಿಟ್ಟುಕೊಟ್ಟರೂ ಬೆರಳ ಸಂದಿಯ ಗ್ರೀಸು ಬಿಟ್ಟುಕೊಡದವನು. ಇನ್ನೊಬ್ಬ ಜೋಯ್ಡಾದ ಶಾಂತಾರಾಮ, ಮನೆಯಲ್ಲಿ ಕೊಂಕಣಿ, ನಮ್ಮ ಹತ್ತಿರ ಕನ್ನಡ, ತನ್ನ ಹಳೆಯ ಜೀಪು ಕೈಕೊಟ್ಟಾಗ ಮರಾಠಿ ಮಾತಾಡುವವನು. ಗುಂಪಿಗೆ ಕಟ್ಟುನಿಟ್ಟಿನ ರಿವಾಜು ಉಂಟು. ಲಾರಿಯನ್ನು ಕಣ್ಣಾರೆ ಕಂಡಿರಬೇಕು. ಎಲ್ಲಿ ಕಂಡಿತು, ಯಾವ ದಿಕ್ಕಿಗೆ ಮುಖ ಮಾಡಿ ನಿಂತಿತ್ತು, ಗಾಲಿ ನೆಲಕ್ಕೆ ತಾಗಿವೆಯೋ ಕಲ್ಲಿನ ಮೇಲೆ ಕೂತಿದೆಯೋ ಹೇಳಬೇಕು. ಫೋಟೋ ಹಾಕಬೇಕು, ಅದೂ ನೆಟ್ಟಗೆ ಎದುರು ನಿಂತು, ಮೂಗು, ದೀಪ, ಮೂಗಿನ ತುದಿಯ ಕಬ್ಬಿಣದ ಜಾಳಿ ಎಲ್ಲ ಕಾಣುವ ಹಾಗೆ. ಓರೆಯಾಗಿ ತೆಗೆದರೆ ರಫೀಕ್ ಮೇಸ್ತ್ರಿ, "ಕನ್ಯಾ ತೋರಸಾಕ ಹತ್ತೀರೋ, ಮುಚ್ಚಿಡಾಕ ಹತ್ತೀರೋ?" ಎಂದು ಬರೆಯುತ್ತಾನೆ.

ಈ ರಿವಾಜಿನಿಂದ ಮನೆಯಲ್ಲಿ ನನ್ನ ಮರ್ಯಾದೆ ಬಹಳ ಸಲ ಹೋಗಿದೆ. ಒಮ್ಮೆ ಸುಮಿತ್ರಾಳ ತಮ್ಮನ ಸಂಸಾರ ಬಂದಿತ್ತು. ಅವರನ್ನು ಕುಳಗಿಗೆ ಕರೆದುಕೊಂಡು ಹೋಗಿ ಕಾಡು ಸುತ್ತಿಸುವ ಜೀಪಿನಲ್ಲಿ ಕೂರಿಸಿದೆವು. ಬೆಳಗಿನ ಹೊತ್ತು, ಎಲೆ ಅಲುಗದ ಕಾಡು. ಒಮ್ಮೆಲೇ ಜೀಪು ನಿಂತಿತು, ಎಲ್ಲರೂ ಉಸಿರು ಬಿಗಿಹಿಡಿದರು, ಫೋನು ಎತ್ತಿದರು. ನಾನೂ ಎತ್ತಿದೆ. ಮನೆಗೆ ಬಂದು ಎಲ್ಲರೂ ಫೋಟೋ ತೋರಿಸಿಕೊಳ್ಳುವಾಗ ತಿಳಿಯಿತು: ಅವರೆಲ್ಲ ಬಲಗಡೆ ದಾರಿ ದಾಟಿದ ಕರಿಚಿರತೆಯನ್ನು ತೆಗೆದಿದ್ದರು. ನಾನು ಎಡಗಡೆ ಸಾಗವಾನಿ ಮರದ ಕೆಳಗೆ ನಿಂತಿದ್ದ, ನೀರು ಹೊರುವ ಹಳೆಯ ಲಾರಿಯನ್ನು ತೆಗೆದಿದ್ದೆ. ಜನ ಹುಟ್ಟಿದಾರಭ್ಯ ಕಾಣದ ಪ್ರಾಣಿ ಇಷ್ಟು ಹತ್ತಿರ ಬಂದು ಹೋಗಿತ್ತು, ನಾನು ಅದರ ಬಾಲವನ್ನೂ ನೋಡಿರಲಿಲ್ಲ. ಗುಂಪಿನಲ್ಲಿ ಮಾತ್ರ ಆ ದಿನ ನನಗೆ ಶಾಲು ಹೊದಿಸುವುದೊಂದು ಬಾಕಿ.

ಮುಂಡಗೋಡದ ಕಡೆಯಿಂದಲೂ ಒಳ್ಳೊಳ್ಳೆಯ ಸುದ್ದಿ ಬರುತ್ತವೆ. ಟಿಬೆಟ್ಟಿನವರ ಕ್ಯಾಂಪಿನ ಬೇಲಿಯ ಹಿಂದೆ, ಬಣ್ಣದ ಪತಾಕೆಗಳ ನಡುವೆ ಒಂದು ಮೂಗಿನ ಲಾರಿ ಧ್ಯಾನಕ್ಕೆ ಕೂತಂತೆ ಕೂತದ್ದನ್ನು ನಾವೇ ಹೋಗಿ ನೋಡಿಬಂದೆವು. ಅಲ್ಲೇ ಪಾಳಾ ಎಂಬ ಊರಿನ ಗೌಡರೊಬ್ಬರದು ಇನ್ನೂ ಮಜವಾದ ಕತೆ. ಓಡದೆ ನಿಂತ ಲಾರಿಯನ್ನು ಸರಿಸುವ ಬದಲು ಅವರು ಅದರ ಸುತ್ತಲೇ ದನದ ಕೊಟ್ಟಿಗೆ ಕಟ್ಟಿಸಿಬಿಟ್ಟಿದ್ದಾರೆ. ಲಾರಿಯ ಮೂಗು ಗೋದಲಿಯೊಳಗೆ ಬಂದಿದೆ. ಮಾರುತ್ತೀರೇನು ಎಂದು ಯಾರೋ ಕೇಳಿದ್ದಕ್ಕೆ ಗೌಡರು, "ಕೊಡತಿದ್ನೆಪಾ. ಆದ್ರ ನಮ್ಮ ಎಮ್ಮಿ ಅದರ ಮಾರಿ ನೋಡದ ಹಾಲ ಇಳಸೂದಿಲ್ಲ" ಎಂದರಂತೆ. ಆ ಎಮ್ಮೆಯನ್ನು ಗುಂಪಿಗೆ ಸೇರಿಸಿಕೊಳ್ಳಬೇಕೆಂದು ಶಾಂತಾರಾಮ ಸೂಚಿಸಿದ.

ನಾವು ಭಾನುವಾರ ಸೇರುವುದು ಹಳಿಯಾಳದಲ್ಲಿ, ಬಸ್ ಸ್ಟ್ಯಾಂಡಿನ ಹಿಂದಿನ ನೀಲವ್ವನ ಖಾನಾವಳಿಯಲ್ಲಿ. ಬಿಸಿ ರೊಟ್ಟಿ, ಎಣಗಾಯಿ, ಶೇಂಗಾ ಹಿಂಡಿ, ಮೇಲೆ ನೀಲವ್ವನ ಬಾಯಿ. ಆ ಬಾಯಿಗೆ ಹೆದರಿ ಯಾರೂ ತಟ್ಟೆಯಲ್ಲಿ ಅನ್ನ ಬಿಡುವುದಿಲ್ಲ. ನಾವು ಅಲ್ಲಿ ಕೂತು ಎಷ್ಟೋ ವರ್ಷ ಲಾರಿಗಳ ಮೂಗು ಹೊಗಳಿದ್ದೇವೆ, ಅವಳು ಒಳಗೆ ರೊಟ್ಟಿ ಬಡಿದಿದ್ದಾಳೆ. ಒಂದು ಭಾನುವಾರ ಬಡಿತ ನಿಂತಿತು. ಹಿಟ್ಟಿನ ಕೈಯಲ್ಲೇ ಹೊರಗೆ ಬಂದು, "ಅಲ್ರಿ, ಇಷ್ಟ ಮಂದಿ ಗಾಡಿ ಹುಡಕತೀರಿ. ನಮ್ಮ ಮನಿಯವರ ಗಾಡಿ ಎಲ್ಲರೆ ಕಂಡೀರೇನು?" ಎಂದಳು.

ನಾವು ಬೆಪ್ಪಾದೆವು. ಅವಳ ಗಂಡ ಫಕ್ಕೀರಪ್ಪ ತೀರಿಕೊಂಡದ್ದು ಗೊತ್ತಿತ್ತು, ಖಾನಾವಳಿ ಹಾಕಿದವನು ಅವನೇ ಎಂಬುದೂ ಗೊತ್ತಿತ್ತು. ಅದಕ್ಕೂ ಮೊದಲು ಅವನು ಕಾಡಿನಿಂದ ಮಿಲ್ಲಿಗೆ ಬಿದಿರು ಹೊರುತ್ತಿದ್ದ ಲಾರಿಯ ಮಾಲಕ, ಅವನೇ ಡ್ರೈವರ ಎಂದು ಗೊತ್ತಿರಲಿಲ್ಲ. ಅಂದರೆ ಆ ಲಾರಿ ನನ್ನ ಕಾಟಾದ ಮೇಲೆ ಎಷ್ಟೋ ಸಲ ನಿಂತಿರಲೇಬೇಕು. ನನ್ನ ಅಭಿಮಾನ ಕೆರಳಿತು. ಅಂಗಿಯ ತೋಳು ಮಡಿಚಿ ವಿಚಾರಣೆ ಆರಂಭಿಸಿದೆ. ಮೂಗು ಹೇಗಿತ್ತು? ಜಾಳಿ ಅಡ್ಡವೋ ಉದ್ದವೋ? ದೀಪ ಗಲ್ಲದ ಮೇಲೋ, ಗಲ್ಲದ ಒಳಗೋ?

"ಮಾರಿ ಯಾರ ನೋಡ್ಯಾರ್ರಿ?" ಎಂದಳು ನೀಲವ್ವ. "ಹಿಂದ ಒಂದೀಟ ಎಡಕ್ಕ ವಾಲಿ ಹೋಗತಿತ್ತು. ಹಿಂದಿನ ಹಲಗಿಗೆ ನಮ್ಮ ತೊಟ್ಟಿಲದ ಕಬ್ಬಿಣದ ಕಡಿ ಬಡದಿದ್ರು. ಹುಡುಗೂರು ತೊಟ್ಟಿಲ ಬಿಟ್ಟು ಇಳದ ಮ್ಯಾಲ ಆ ಕಡಿ ಅಲ್ಲಿಗೆ ಹೋತು. ಅದಕ್ಕ ನನ್ನ ಸೀರಿ ಸೆರಗ ಕಟ್ಟತಿದ್ರು."

ಕಡಿ ಎಂದರೆ ತೊಟ್ಟಿಲು ತೂಗುಹಾಕುವ ಬಳೆ. ಇನ್ನು ಸೆರಗಿನ ಮಾತು ಹೇಳಬೇಕು. ಬಿದಿರು ಲಾರಿಯ ಮೈಗಿಂತ ಉದ್ದ. ಹಿಂದೆ ಮಾರುಗಟ್ಟಲೆ ಹೊರಗೆ ಚಾಚಿರುತ್ತದೆ. ಹಿಂದೆ ಬರುವವನಿಗೆ ತಿಳಿಯಲೆಂದು ಅದರ ತುದಿಗೆ ಕೆಂಪು ಬಟ್ಟೆ ಕಟ್ಟಬೇಕು. ಈ ಕಡೆಯ ಡ್ರೈವರರು ಆ ಬಟ್ಟೆಯನ್ನು ಅಂಗಡಿಯಿಂದ ತರುತ್ತಿರಲಿಲ್ಲ. ಕೊಂಡ ಬಟ್ಟೆ ಕಾಯುವುದಿಲ್ಲ, ಉಟ್ಟ ಬಟ್ಟೆ ಕಾಯುತ್ತದೆ ಎಂದು ಅವರ ನಂಬಿಕೆ. ಮನೆಯವಳ ಹಳೆಯ ಇಳಕಲ್ ಸೀರೆ ಹರಿದ ಮೇಲೆ ಅದರ ಕೆಂಪು ಸೆರಗು ಲಾರಿಯ ಬಾಲಕ್ಕೆ ಹೋಗುತ್ತಿತ್ತು, ಲಾರಿ ಖಾಲಿ ಇದ್ದಾಗ ಹಿಂದಿನ ಹಲಗೆಯ ಮೇಲೆ ತೂಗುತ್ತಿತ್ತು. ವಿಚಾರ ಮಾಡಿದರೆ ಇದು ದೊಡ್ಡ ವಿಷಯ. ಅರಸರ ಆನೆಗೂ ದೇವರ ಪಲ್ಲಕ್ಕಿಗೂ ನಿಶಾನೆ ಮುಂದೆ ಇರುತ್ತದೆ: ಬಂದೆವು, ದಾರಿ ಬಿಡಿ ಎಂದು. ನಿಶಾನೆಯನ್ನು ಹಿಂದೆ ಕಟ್ಟಿಕೊಂಡು ಹೋದದ್ದು ಬಿದಿರಿನ ಲಾರಿ ಒಂದೇ. ಇಷ್ಟೆಲ್ಲ ತತ್ತ್ವ ನನಗೆ ಈಗ ಹೊಳೆಯುತ್ತಿದೆ. ಆ ಭಾನುವಾರ ನಾನು ಹೇಳಿದ್ದು, "ಅದೆಲ್ಲಾ ಇರ್ಲಿ ನೀಲವ್ವಕ್ಕ, ಜಾಳಿ ಹೆಂಗಿತ್ತು ಅದನ್ನ ಹೇಳು" ಎಂದು.

ಅವಳಿಗೆ ಲಾರಿ ಯಾಕೆ ಬೇಕು ಎಂದು ರಫೀಕ್ ಕೇಳಿದ. ಅವಳು ಸೆರಗಿನಿಂದ ಕೈ ಒರೆಸಿಕೊಂಡು ಬೆಂಚಿನ ತುದಿಗೆ ಕೂತಳು. ಮಿಲ್ಲಿಗೆ ಕಾಡಿನ ಬಿದಿರು ಬರುವುದು ಕಡಿಮೆಯಾದಾಗ ಫಕ್ಕೀರಪ್ಪ ಲಾರಿ ಮಾರಿದ. ಆಗ ಅವಳು ತಂಗಿಯ ಬಾಣಂತನಕ್ಕೆಂದು ನವಲಗುಂದದ ಕಡೆಯ ತವರಿಗೆ ಹೋಗಿದ್ದಳು. ತಿರುಗಿ ಬರುವ ಹೊತ್ತಿಗೆ ಅಂಗಳದಲ್ಲಿ ಎಣ್ಣೆಯ ಕಲೆ ಮಾತ್ರ ಇತ್ತು.

"ದಿನಾ ಹೋಗುವಾಗ ಹಿಂದಿನ ಹಲಗಿಗೆ ಎರಡು ಏಟು ಬಡದು 'ಹೋಗಿ ಬಾ' ಅಂತಿದ್ನಿರಿ. ಅವರಿಗಲ್ಲ, ಗಾಡಿಗೆ. ಕಡೀ ಸಲ ಹೋಗುವಾಗ ಯಾರೂ ಅನ್ನಲಿಲ್ಲ. ಮನಿಯಿಂದ ಹೋಗವರಿಗೆ ಹಂಗ ಕಳಸಬಾರದ್ರಿ" ಎಂದಳು. ಆಮೇಲೆ ಎದ್ದು, "ಒಮ್ಮೆ ಕಂಡ್ರ ಸಾಕು, ಅಂದು ಬರ್ತೇನಿ" ಎಂದು ಒಳಗೆ ಹೋದಳು. ರೊಟ್ಟಿ ಬಡಿತ ಮತ್ತೆ ಶುರುವಾಯಿತು.

ನಮ್ಮಲ್ಲಿ 'ಹೋಗುತ್ತೇನೆ' ಎನ್ನಬಾರದು, 'ಹೋಗಿ ಬರುತ್ತೇನೆ' ಎನ್ನಬೇಕು ಎಂದು ಮಕ್ಕಳಿಗೂ ಗೊತ್ತು. ಆದರೆ ಆ ಮಾತು ಹೇಳಿಸಿಕೊಳ್ಳದೆ ಹೊರಟ ಒಂದು ಲಾರಿಗಾಗಿ ಒಬ್ಬಾಕೆ ಇಷ್ಟು ವರ್ಷ ಮನಸ್ಸಿನಲ್ಲೇ ಕೊರಗಿದ್ದಾಳೆ ಎಂಬುದು ನಮ್ಮನ್ನು ಮುಟ್ಟಿತು. ರಫೀಕನ ಕಣ್ಣು ಒದ್ದೆಯಾದವು. ಮೆಣಸಿನಕಾಯಿ ಖಾರ ಎಂದ. ಗುಂಪಿನಲ್ಲಿ ಸುದ್ದಿ ಹೋಯಿತು. ಒಬ್ಬರಿಗಿಂತ ಒಬ್ಬರು ಉತ್ಸಾಹದಿಂದ ಫೋಟೋ ಕಳಿಸಿದರು. ಶಾಂತಾರಾಮ ಮೊಟ್ಟಮೊದಲು ಜೋಯ್ಡಾದ ದಾರಿಯಲ್ಲಿ, ಒಂದು ಹೊಸ ಹೋಮ್‌ಸ್ಟೇಯ ಅಂಗಳದಲ್ಲಿ ನಿಂತಿದ್ದ ಲಾರಿಯದು ಕಳಿಸಿದ. ನೆಟ್ಟಗೆ ಎದುರಿನಿಂದ ತೆಗೆದ ಫೋಟೋ, ಮೂಗು ದೀಪ ಜಾಳಿ ಎಲ್ಲ ಸ್ಪಷ್ಟ, ನಮ್ಮ ರಿವಾಜಿಗೆ ಕಳಸವಿಟ್ಟಂತೆ. ನನ್ನ ಕಾಟಾದ ಮೇಲೆ ನಿಂತ ಮುಖವೇ ಅದು ಎಂದು ನನಗೆ ಗುರುತು ಹತ್ತಿತು, ಆದರೆ ಹೊಡೆಯುತ್ತಿದ್ದವನ ಮುಖ ನೆನಪಿದ್ದರೆ ತಾನೆ ಯಾರದೆಂದು ಹೇಳುವುದು! ನೀಲವ್ವ ಫೋನು ದೂರ ಹಿಡಿದು, ಹತ್ತಿರ ಹಿಡಿದು, "ಇದಲ್ಲ ಬಿಡ್ರಿ" ಎಂದಳು. ನಾವು ಅದನ್ನು ಬಿಟ್ಟೆವು.

ಆಮೇಲೆ ನಾವು ತಿರುಗಿದ ತಿರುಗಾಟವನ್ನು ಏನು ಹೇಳಲಿ! ಕಬ್ಬಿನ ಹಂಗಾಮಿನಲ್ಲಿ ಸಕ್ಕರೆ ಕಾರ್ಖಾನೆಯ ಮುಂದೆ ಸಾಲುಗಟ್ಟಿದ ಗಾಡಿಗಳ ನಡುವೆ ಹುಡುಕಿದೆವು. ಕಟ್ಟಿಗೆ ಕೊಯ್ಯುವ ಮಿಲ್ಲುಗಳ ಹಿಂದಿನ ಮುಳ್ಳುಕಂಟಿಯಲ್ಲಿ ನುಗ್ಗಿದೆವು. ಅಲ್ಲಿ ರಫೀಕನ ಹೊಸ ಪಾಯಜಾಮ ಹುತಾತ್ಮವಾಯಿತು. ಹುಬ್ಬಳ್ಳಿಯ ಗುಜರಿಯವರು ನಮ್ಮನ್ನು ಪೊಲೀಸರೆಂದು ತಿಳಿದು ಚಹಾ ಕೊಟ್ಟರು, ಅಲ್ಲವೆಂದು ತಿಳಿದು ಹೊರಗೆ ಹಾಕಿದರು. ಪ್ರತಿ ಭಾನುವಾರ ಹೊಸ ಹೊಸ ಮುಖಗಳನ್ನು ಒಯ್ದು ತೋರಿಸುವುದು, ಅವಳು "ಇದೂ ಅಲ್ಲ" ಎನ್ನುವುದು. ಬರಬರುತ್ತ ನಮಗೇ ಅನುಮಾನ ಬಂದು, "ಅಕ್ಕಗ ಗುರ್ತ ಇಲ್ಲ, ಸುಮ್ಮನ ಅನ್ನಾಕತ್ತಾಳ" ಎಂದು ಶಾಂತಾರಾಮ ಗೊಣಗಿದ. ಎರಡು ಮಳೆಗಾಲ ಹೀಗೇ ಹೋಯಿತು. ಅವಳು ಕೇಳುವುದನ್ನು ಬಿಡಲಿಲ್ಲ. ಆದರೆ ಕೇಳುವ ದನಿ ಸಣ್ಣದಾಗುತ್ತ ಬಂತು, ಅದು ನಮಗೆ ಅವಳ ಬೈಗುಳಕ್ಕಿಂತ ಕಷ್ಟವಾಗುತ್ತಿತ್ತು.

ಹೀಗಿರುವಾಗ ಗುಂಪಿನಲ್ಲಿ ಬೆಂಕಿ ಬಿತ್ತು. ಜೋಯ್ಡಾದ ದಾರಿಯ ಆ ಹೋಮ್‌ಸ್ಟೇಯವನು ತನ್ನ ಲಾರಿಗೆ ಮಂಗಟ್ಟೆ ಹಕ್ಕಿಯ ವೇಷ ಹಾಕಿಸಿಬಿಟ್ಟಿದ್ದ. ದಾಂಡೇಲಿಗೆ ಬರುವವರು ಮಂಗಟ್ಟೆ ನೋಡದೆ ಹೋಗುವುದಿಲ್ಲವಲ್ಲ, ನಿಜವಾದದ್ದು ಸಿಗದವರಿಗೆ ಇದು. ಲಾರಿಯ ಮೂಗನ್ನೇ ಹಳದಿ ಕೊಕ್ಕು ಮಾಡಿ, ದೀಪಗಳಿಗೆ ರೆಪ್ಪೆ ಬರೆಸಿ, ಗಲ್ಲಕ್ಕೆ ಕರಿಗರಿ ಬಳಿಸಿದ್ದ. ಡ್ರೈವರ ಕೂರುವ ಜಾಗದಲ್ಲಿ ಚಹಾದ ಕೌಂಟರು. ನಮ್ಮ ಮಂದಿ ಹರಿಹಾಯ್ದರು. ಹೋಗಿ ನಾಲ್ಕು ಮಾತು ಕೇಳಿಬರಲೇಬೇಕು ಎಂದು ನಾನು, ರಫೀಕ್, ಶಾಂತಾರಾಮ ಹೊರಟೆವು. ಸುದ್ದಿ ಕೇಳಿ ನೀಲವ್ವ, "ಅದೇ ದಾರಿಗೆ ಉಳವಿ ಐತೆಲ್ರಿ? ನನ್ನನ್ನೂ ಕರಕೊಂಡು ಹೋಗ್ರಿ, ಚೆನ್ನಬಸವಣ್ಣಗ ಕಾಯಿ ಒಡಸೂದು ಐತಿ" ಎಂದು ಖಾನಾವಳಿಗೆ ಬೀಗ ಹಾಕಿ ಜೀಪು ಹತ್ತಿದಳು. ಮಡಿಗೆಂದು ಉಟ್ಟ ಇಳಕಲ್ ಸೀರೆ, ಮಡಿಲಲ್ಲಿ ಬುತ್ತಿ. ದಾರಿಯುದ್ದಕ್ಕೂ ಶಾಂತಾರಾಮನ ಜೀಪಿಗೂ ಅವಳ ಬೈಗುಳ ತಾಗಿ ಅದು ಒಮ್ಮೆಯೂ ನಿಲ್ಲದೆ ಓಡಿತು.

ಉಳವಿ ಮುಗಿಸಿ ತಿರುಗಿ ಬರುವಾಗ ಹೋಮ್‌ಸ್ಟೇಯಲ್ಲಿ ನಿಂತೆವು. ಅದರ ಮಾಲಕ ಹುಬ್ಬಳ್ಳಿಯ ಹುರುಪಿನ ತರುಣ, "ಬರ್ರಿ ಬರ್ರಿ, ಸೆಲ್ಫಿ ತಗೋರಿ" ಎಂದು ಎದುರು ಬಂದ. ಬೈಯಬೇಕೆಂದು ಬಂದವರಿಗೆ ಇಂಥವರು ಬಹಳ ತೊಂದರೆ. ನಾವು ಕೊಕ್ಕಿನ ಮುಂದೆ ನಿಂತು ನಿಟ್ಟುಸಿರು ಬಿಡುತ್ತ, ಈ ಜಾಳಿಗೆ ಇಂಥ ಗತಿ ಬರಬಾರದಿತ್ತು ಎಂದು ಮರುಗುತ್ತಿದ್ದೆವು. ನೀಲವ್ವ ಒಮ್ಮೆ ನೋಡಿ, "ಛಂದ ಐತಲ್ರಿ ಹಕ್ಕಿ!" ಎಂದು ಬುತ್ತಿ ತಿಂದ ಕೈ ತೊಳೆಯಲು ನಲ್ಲಿ ಹುಡುಕಿಕೊಂಡು ಹೋದಳು. ನಲ್ಲಿ ಇದ್ದದ್ದು ಲಾರಿಯ ಹಿಂದೆ.

ಬಹಳ ಹೊತ್ತಾದರೂ ಬರಲಿಲ್ಲ. ಜಾರಿ ಬಿದ್ದಳೋ ಏನೋ ಎಂದು ನಾವು ಹಿಂದಕ್ಕೆ ಹೋದೆವು. ನಲ್ಲಿಯ ನೀರು ಸುಮ್ಮನೆ ಸುರಿಯುತ್ತಿತ್ತು. ನೀಲವ್ವ ಲಾರಿಯ ಹಿಂದಿನ ಹಲಗೆಗೆ ಮುಖ ಮಾಡಿ ನಿಂತಿದ್ದಳು. ಹುಡುಗ ಮುಂಭಾಗಕ್ಕೆಲ್ಲ ಬಣ್ಣ ಬಳಿಸಿ, ಯಾರೂ ನೋಡದ ಹಿಂಭಾಗವನ್ನು ಹಾಗೇ ಬಿಟ್ಟಿದ್ದ. ಹಲಗೆಯ ನಡುವೆ ತುಕ್ಕು ಹಿಡಿದ ಕಬ್ಬಿಣದ ಕಡಿ. ಅವಳು ಒದ್ದೆ ಕೈಯಲ್ಲಿ ಅದನ್ನು ಹಿಡಿದುಕೊಂಡಿದ್ದಳು, ಅಳುತ್ತಿದ್ದಳು.

"ಇದಽ ನೋಡ್ರಿ ನಮ್ಮ ಗಾಡಿ. ಇಲ್ಲೇ ಐತಿ" ಎಂದಳು.

ರಫೀಕ್ ಬಗ್ಗಿ ಅಡಿಗೆ ನೋಡಿ, ಎಡಗಡೆಯ ಸ್ಪ್ರಿಂಗು ಕುಸಿದಿದೆ ಎಂದ. ಲಾರಿ ಎಡಕ್ಕೆ ಒಂದಿಷ್ಟು ವಾಲಿಯೇ ಇತ್ತು. ಶಾಂತಾರಾಮ ಫೋನು ತೆಗೆದು, ತಾನು ಮೊಟ್ಟಮೊದಲು ಕಳಿಸಿದ್ದ ಫೋಟೋ ನೋಡಿ ಹಣೆ ಬಡಿದುಕೊಂಡ. ಕೈಯಲ್ಲಿ ಬೆಣ್ಣೆ ಇಟ್ಟುಕೊಂಡು ಊರೆಲ್ಲ ತುಪ್ಪಕ್ಕೆ ಅಲೆದರು ಎನ್ನುತ್ತಾರಲ್ಲ, ಅದು ನಾವೇ. "ಅಕ್ಕಾ, ಅವತ್ತ ತೋರಿಸಿದ್ದು ಇದನ್ನಽ. ನೀನಽ ಅಲ್ಲ ಅಂದಿ" ಎಂದ ಶಾಂತಾರಾಮ.

"ನೀವು ಮಾರಿ ತೋರಿಸಿದ್ರಿ. ನಾ ಅದರ ಮಾರಿ ಯಾವಾಗ ನೋಡೇನೋ ತಮ್ಮಾ? ಅದು ಬರೂದರಾಗ ನಾ ಒಲಿ ಮುಂದ ಇರ್ತಿದ್ನಿ. ಹೋಗೂದನ್ನಽ ನೋಡಿದಾಕಿ" ಎಂದಳು ನೀಲವ್ವ.

ನನಗೆ ನಮ್ಮಪ್ಪ ನೆನಪಾದ. ಎತ್ತಿನ ಸಂತೆಯಲ್ಲಿ ಅವನು ಎತ್ತಿನ ಮುಖವನ್ನು ಒಮ್ಮೆ ನೋಡಿ, ಆಮೇಲೆ ಹಿಂದೆ ಹೋಗಿ, ಬೆನ್ನಿನ ಸುಳಿ, ಬಾಲದ ಬುಡ, ಹಿಂಗಾಲಿನ ನಡೆ ಎಂದು ಗಂಟೆಗಟ್ಟಲೆ ನಿಲ್ಲುತ್ತಿದ್ದ. ದೇವರ ಗುಡಿಗೆ ಹೋದರೂ ಅಷ್ಟೇ, ಎದುರು ನಿಂತು ಕೈ ಮುಗಿದು ಬಂದುಬಿಡುವುದಿಲ್ಲ. ಹಿಂದಿನಿಂದ ಸುತ್ತು ಹಾಕಿ, ಗರ್ಭಗುಡಿಯ ಹಿಂಗೋಡೆಗೆ ಹಣೆ ಹಚ್ಚಿ ಬರುತ್ತೇವೆ. ಎತ್ತಿಗೂ ದೇವರಿಗೂ ಇರುವ ಈ ಮರ್ಯಾದೆಯನ್ನು ನಾವು ಲಾರಿಗೆ ಕೊಟ್ಟಿರಲಿಲ್ಲ. ಗುಂಪಿನ ಸಾವಿರಾರು ಫೋಟೋಗಳಲ್ಲಿ ಬೆನ್ನಿನದು ಒಂದೂ ಇಲ್ಲ. ಕಿಟಕಿಯೊಳಗೆ ಕೂತು ಜೀವಮಾನವೆಲ್ಲ ಬರುವವರ ಮುಖ ನೋಡಿದವನಿಗೆ, ಬಾಗಿಲಲ್ಲಿ ನಿಂತು ಹೋಗುವವರ ಬೆನ್ನು ನೋಡಿದವರ ನೆನಪೇ ಬಂದಿರಲಿಲ್ಲ.

ಹೋಮ್‌ಸ್ಟೇಯ ಹುಡುಗನಿಗೆ ವಿಷಯ ತಿಳಿದು ಅವನ ಹುರುಪೆಲ್ಲ ಇಳಿಯಿತು. "ಅಮ್ಮಾ, ಬಣ್ಣ ತಗಸಿ ಬಿಡಲೇನ್ರಿ?" ಎಂದ, ನಿಜವಾಗಿಯೂ ಕೇಳಿದ. ನೀಲವ್ವ ಕಣ್ಣೊರೆಸಿಕೊಂಡು, "ಯಾಕಪಾ? ಮಾರಿಗೆ ಏನ ಬೇಕಾದ ಬಳಕೊ. ಹಿಂದ ಮಾತ್ರ ಕೈ ಹಚ್ಚಬ್ಯಾಡ" ಎಂದಳು. ಆಮೇಲೆ ಸೆರಗು ಸೊಂಟಕ್ಕೆ ಸಿಕ್ಕಿಸಿ, ನಾವೆಲ್ಲ ನೋಡುತ್ತಿದ್ದಂತೆ, ಹಲಗೆಯ ಮೇಲೆ ಅಂಗೈಯಿಂದ ಎರಡು ಏಟು ಬಡಿದಳು. ರೊಟ್ಟಿ ಬಡಿದ ಕೈ, ಸದ್ದು ಚೆನ್ನಾಗಿಯೇ ಬಂತು. "ಹೋಗಿ ಬಾ" ಎಂದಳು.

ಲಾರಿ ಎಲ್ಲಿಗೆ ಹೋಗಬೇಕು? ಒಳಗೆ ಯಾರಿಗೋ ಚಹಾ ಕಾಯುತ್ತಿತ್ತು. ಅಳುವಿನ ನಡುವೆಯೇ ನೀಲವ್ವನಿಗೆ ನಗು ಬಂತು. "ಅಯ್ಯ, ನನ್ನ ಬುದ್ಧಿಯೇ! ಇನ್ನ ಇದು ಎಲ್ಲಿ ಹೋಗ್ತೈತ್ರಿ? ಈಗ ಹೋಗಾಕಿ ನಾನು" ಎಂದು, ಕಡಿಯನ್ನು ಮತ್ತೊಮ್ಮೆ ಮುಟ್ಟಿ, "ಹೋಗಿ ಬರ್ತೇನಿ. ನಿಂದರು ಇಲ್ಲೇ" ಎಂದಳು. ಹೇಳಿ ಜೀಪಿನ ಕಡೆಗೆ ನಡೆದಳು, ಹೊರಳಿ ನೋಡಲಿಲ್ಲ. ನಾವು ಮೂವರು ಗಂಡಸರು ಲಾರಿಯ ಪಕ್ಕದಲ್ಲಿ ನಿಂತು, ದೂರವಾಗುತ್ತಿದ್ದ ಅವಳ ಕೆಂಪು ಸೆರಗನ್ನು ನೋಡಿದೆವು.

ಈಗ ಆ ಕಡಿಗೆ ಅವಳದೇ ಒಂದು ಹಳೆಯ ಸೆರಗು ಕಟ್ಟಿದೆ; ಶಾಂತಾರಾಮನ ಕೈಯಲ್ಲಿ ಕಳಿಸಿದ್ದಳು. ಹೋಮ್‌ಸ್ಟೇಯ ಹುಡುಗನೂ ಈಗ ಗುಂಪಿನಲ್ಲಿದ್ದಾನೆ, ಅವನೇ ಅದರ ಫೋಟೋ ತೆಗೆದು ಹಾಕಿದ. ಹಿಂದಿನಿಂದ ತೆಗೆದ ಮೊದಲ ಫೋಟೋ ಅದು. ರಫೀಕ್ ಮೇಸ್ತ್ರಿ ಏನೂ ಚೇಷ್ಟೆ ಬರೆಯಲಿಲ್ಲ. ಆಮೇಲೆ ಒಬ್ಬೊಬ್ಬರಾಗಿ ಬೆನ್ನುಗಳನ್ನು ಕಳಿಸತೊಡಗಿದರು. ಪಾಳಾದ ಗೌಡರದು ಮಾತ್ರ ಬರಲಿಲ್ಲ, ಲಾರಿಯ ಹಿಂದೆ ಹೋಗಬೇಕಾದರೆ ಎಮ್ಮೆ ದಾಟಿ ಹೋಗಬೇಕಂತೆ.

ನನ್ನ ಕತೆ ಇನ್ನೊಂದಿಷ್ಟು ಇದೆ. ಅದರ ಮುಂದಿನ ಭಾನುವಾರ ಹಳಿಯಾಳದ ಬಸ್ಸಿಗೆಂದು ಮನೆಯಿಂದ ಹೊರಟೆ. ಎಂದಿನಂತೆ ಚೀಲ ಹೆಗಲಿಗೆ, ಮನಸ್ಸು ಯಾವುದೋ ಮೂಗಿನ ಮೇಲೆ. ಗೇಟಿನ ಹತ್ತಿರ ಹೋದಾಗ ಏನೋ ಅನ್ನಿಸಿ ಹೊರಳಿ ನೋಡಿದೆ. ಸುಮಿತ್ರಾ ಬಾಗಿಲ ಚೌಕಟ್ಟಿಗೆ ಕೈ ಹಚ್ಚಿ ನಿಂತಿದ್ದಳು. ಹೀಗೆ ಯಾವಾಗಿನಿಂದ ನಿಲ್ಲುತ್ತಿದ್ದಾಳೋ, ನನಗೆ ಹೇಗೆ ಗೊತ್ತಾಗಬೇಕು? ಅವಳಿಗೇ ಗಾಬರಿಯಾಯಿತು.

"ಯಾಕ? ಏನ ಮರತ್ರಿ? ಚಷ್ಮಾ? ಮೊಬೈಲು?"

"ಏನಿಲ್ಲ, ಸುಮ್ಮನ ನೋಡಿದೆ."

"ಸುಮ್ಮನ ನೋಡತಾರೇನು ಹೊಂಟಾವ್ರು? ಅಪಶಕುನ. ಬರ್ರಿ ಒಳಗ, ಒಂದ ಗಳಿಗಿ ಕೂತು ನೀರ ಕುಡದು ಹೋಗ್ರಿ."

ಹೋದೆ, ಕೂತೆ. ಅವಳು ತಂಬಿಗೆ ತಂದು ಎದುರಿಗೆ ನಿಂತಳು. ಅತ್ತ ದಾರಿಯಲ್ಲಿ ಹಳಿಯಾಳದ ಬಸ್ಸು ಹಾರ್ನು ಹೊಡೆದು ಹೋಯಿತು. ನಾನು ನೀರು ಕುಡಿಯುತ್ತ ಅವಳ ಮುಖವನ್ನೇ ನೋಡುತ್ತಿದ್ದೆ. ಅವಳು ನಾಚಿಕೆಯಿಂದಲೋ ಸಿಟ್ಟಿನಿಂದಲೋ, "ಏನ ಹಂಗ ನೋಡಾಕ ಹತ್ತೀರಿ?" ಎಂದಳು.

"ಗುರ್ತ ಹಿಡ್ಯಾಕ ಹತ್ತೇನಿ" ಎಂದೆ. "ಎರಡೂ ದೀಪ ಚಲೋ ಅದಾವ."